ಬಚ್ಚಲುಮನೆಯ ತುಂತುರು ನಲ್ಲಿ

ಕೊಳಾಯಿ ಸಾಮಾನುಗಳ ಅಂಗಡಿಗೆ ಹೋದವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಗೋಡೆಯುದ್ದಕ್ಕೂ ನೂರಾರು ನಲ್ಲಿಗಳು ಕನ್ನಡಿಯಂತೆ ಹೊಳೆಯುತ್ತ ನಿಂತಿರುತ್ತವೆ. ಆದರೆ ಒಂದರಲ್ಲಿಯೂ ನೀರು ಬರುವುದಿಲ್ಲ. ನೀರಿಗಾಗಿ ಕೊಳ್ಳುವ ವಸ್ತುವನ್ನು ನೀರಿಲ್ಲದೆಯೇ ಪರೀಕ್ಷಿಸಬೇಕಾದಾಗ ಕಣ್ಣು ಹೊಳಪಿಗೆ ಮರುಳಾಗುವುದು ಸಹಜ. ನಾವೂ ಒಮ್ಮೆ ಹಾಗೆ ಮರುಳಾಗಿ, ಊಟದ ತಟ್ಟೆಯಷ್ಟು ಅಗಲವಾದ ಷವರ್ ಬಿಲ್ಲೆಯೊಂದನ್ನು ತಂದು ಬಚ್ಚಲಿನಲ್ಲಿ ಹಾಕಿಸಿದೆವು. ಅದರಿಂದ ಮಳೆ ಸುರಿಯಲಿಲ್ಲ. ಸೂರಿನ ಹನಿಯಂತೆ ನೀರು ತೊಟ್ಟಿಕ್ಕಿತು. ದೋಷ ಬಿಲ್ಲೆಯದಲ್ಲ, ಮಾಳಿಗೆಯ ಮೇಲಿನ ತೊಟ್ಟಿಯ ಎತ್ತರವನ್ನು ಅಳೆಯದೆ ಹೋದ ನಮ್ಮದು.

ಪಂಪಿನ ಸಹಾಯವಿಲ್ಲದ ಮನೆಯಲ್ಲಿ ನೀರನ್ನು ನೂಕುವ ಒತ್ತಡವು ಆ ತೊಟ್ಟಿಯ ಎತ್ತರದಿಂದಲೇ ಒದಗತಕ್ಕದ್ದು. ತೊಟ್ಟಿ 500 ಲೀಟರಿನದೋ 2000 ಲೀಟರಿನದೋ ಎಂಬುದು ಇಲ್ಲಿ ಮುಖ್ಯವಲ್ಲ. ಅದರೊಳಗಿನ ನೀರಿನ ಮಟ್ಟವು ಷವರಿಗಿಂತ ಎಷ್ಟು ಮೇಲಿದೆ ಎಂಬುದೊಂದೇ ಮುಖ್ಯ. 10 ಮೀಟರ್ ಎತ್ತರದ ನೀರಿನ ಕಂಬದ ಒತ್ತಡ ಸುಮಾರು 1 ಬಾರ್. ಎಂದರೆ ಹೆಚ್ಚುಕಡಮೆ ನಮ್ಮ ವಾಯುಮಂಡಲದ ಒತ್ತಡದಷ್ಟು. ನೀರಿನ ಮಟ್ಟ ಎರಡೂವರೆ ಮೀಟರ್ ಮೇಲಿದ್ದರೆ ದೊರೆಯುವುದು ಕಾಲು ಬಾರ್ ಮಾತ್ರ. ರಂಧ್ರದಿಂದ ಹೊರಚಿಮ್ಮುವ ನೀರಿನ ವೇಗವು ಮೇಲಿನ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆಂದು ಇಟಲಿಯ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದನು. ಆದುದರಿಂದ ಒಂದೇ ಕಟ್ಟಡದಲ್ಲಿ ತೊಟ್ಟಿಯಿಂದ 10 ಮೀಟರ್ ಕೆಳಗಿರುವ ಬಚ್ಚಲಿಗೆ ಬರುವ ರಭಸದ ಸುಮಾರು ಅರ್ಧದಷ್ಟು ಮಾತ್ರವೇ, ಎರಡೂವರೆ ಮೀಟರ್ ಕೆಳಗಿರುವ ಬಚ್ಚಲಿಗೆ ಬಂದೀತು. ಕೊಳವೆಯ ತಿರುವುಗಳೂ ಅದರ ಒಳಮೈಯ ಘರ್ಷಣೆಯೂ ಇನ್ನಷ್ಟನ್ನು ಕಳೆಯುತ್ತವೆ.

ಈಗ ನಮ್ಮ ಅಗಲ ಬಿಲ್ಲೆಯ ಗುಟ್ಟು ತಿಳಿಯಿತಷ್ಟೆ. 10 ಸೆಂಟಿಮೀಟರ್ ವ್ಯಾಸದ ಬಿಲ್ಲೆಗಿಂತ 20 ಸೆಂಟಿಮೀಟರಿನದರ ವಿಸ್ತೀರ್ಣ ನಾಲ್ಕು ಪಟ್ಟು. ಅಷ್ಟೇ ನೀರು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋದರೆ ಧಾರೆಗೆ ಬಲವೆಲ್ಲಿಯದು? ನಲ್ಲಿಯ ಪೆಟ್ಟಿಗೆಯಲ್ಲಿರುವ ಸಣ್ಣ ಅಕ್ಷರಗಳ ಕಾಗದದಲ್ಲಿ ‘ಕನಿಷ್ಠ ಒತ್ತಡ’ ಎಂಬುದೊಂದು ಸಾಲು ಇರುವುದುಂಟು. ಅಲ್ಲಿ 1 ಬಾರ್ ಎಂದಿದ್ದರೆ, ತೊಟ್ಟಿಯ ಕೆಳಗಿನ ಮಹಡಿಯಲ್ಲಿ ವಾಸಿಸುವವರು ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಲೇಸು.

ಒತ್ತಡ ಸಾಕಷ್ಟಿದ್ದವರ ಚಿಂತೆ ಬೇರೆ. ಹತ್ತು ಲೀಟರಿನ ಬಕೆಟ್ಟನ್ನು ಷವರಿನ ಕೆಳಗಿಟ್ಟು, ಗಡಿಯಾರ ಹಿಡಿದು ನೋಡಿರಿ. 40 ಸೆಕೆಂಡುಗಳಲ್ಲಿ ತುಂಬಿದರೆ ಹರಿವು ನಿಮಿಷಕ್ಕೆ 15 ಲೀಟರ್; ಎಂಟು ನಿಮಿಷದ ಸ್ನಾನಕ್ಕೆ 120 ಲೀಟರ್. ಬೆಂಗಳೂರಿನಲ್ಲಿ ಈ ಲೆಕ್ಕಕ್ಕೆ ತೂಕ ಹೆಚ್ಚು. ಅಲ್ಲಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಏರಿ ಬರಬೇಕು. ಸಾವಿರ ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಎತ್ತಲು, ನಷ್ಟವೇನೂ ಇಲ್ಲವೆಂದಿಟ್ಟುಕೊಂಡರೂ, ಸುಮಾರು 1.4 ಯೂನಿಟ್ ವಿದ್ಯುತ್ತು ಬೇಕು. ನಿಮಿಷಕ್ಕೆ ಏಳೆಂಟು ಲೀಟರಿಗೆ ಹರಿವನ್ನು ಕಟ್ಟುವ ಬಿಲ್ಲೆಗಳು ದೊರೆಯುತ್ತವೆ. ಮೈತೊಳೆಯಲು ಅಷ್ಟು ಧಾರಾಳವಾಗಿ ಸಾಕು.

ಇನ್ನು ಬಿಸಿನೀರಿನ ವಿಚಾರ. ನಿಜವಾದ ಅಪಾಯವಿರುವುದು ಇಲ್ಲಿಯೇ. ಗೀಸರಿನ ನೀರು 60 ಡಿಗ್ರಿ ಸೆಲ್ಸಿಯಸ್, ತಣ್ಣೀರು 24 ಡಿಗ್ರಿ ಎಂದಿರಲಿ. ನಮಗೆ ಬೇಕಾದುದು 40 ಡಿಗ್ರಿಯ ನೀರು. ಕಳೆದುಕೊಂಡ ಉಷ್ಣವೂ ಪಡೆದುಕೊಂಡ ಉಷ್ಣವೂ ಸಮವೆಂಬ ನಿಯಮದಂತೆ ನಾಲ್ಕು ಪಾಲು ಬಿಸಿನೀರಿಗೆ ಐದು ಪಾಲು ತಣ್ಣೀರನ್ನು ಬೆರೆಸಬೇಕು. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಯಾರೋ ನಲ್ಲಿ ತಿರುಗಿಸಿದರೆನ್ನಿ. ತಣ್ಣೀರಿನ ಪಾಲು ಐದರಿಂದ ಎರಡೂವರೆಗೆ ಇಳಿದರೆ ಮಿಶ್ರಣವು 46 ಡಿಗ್ರಿಗೆ ಏರುತ್ತದೆ. ತಣ್ಣೀರು ಪೂರ್ತಿ ನಿಂತರೆ 60 ಡಿಗ್ರಿಯ ನೀರೇ ನೆತ್ತಿಯ ಮೇಲೆ! ಆ ಉಷ್ಣತೆಯಲ್ಲಿ ದೊಡ್ಡವರ ಚರ್ಮವು ಐದಾರು ಸೆಕೆಂಡುಗಳಲ್ಲಿ ಬೇಯುತ್ತದೆ. ಮಕ್ಕಳ ಎಳೆಯ ಚರ್ಮಕ್ಕೆ ಅಷ್ಟು ಹೊತ್ತೂ ಬೇಕಿಲ್ಲ.

1937ರಲ್ಲಿ ಅಮೆರಿಕದ ವಿದ್ಯಾರ್ಥಿ ಆಲ್ಫ್ರೆಡ್ ಮೋಯೆನ್ ಎಂಬಾತನ ಕೈಮೇಲೆ ಹೀಗೆಯೇ ಬಿಸಿನೀರು ನುಗ್ಗಿತು. ಅದರಿಂದ ಹುಟ್ಟಿದ ಯೋಚನೆಯ ಫಲವಾಗಿ, ಒಂದೇ ಹಿಡಿಯಿಂದ ಬಿಸಿ ತಣ್ಣೀರೆರಡನ್ನೂ ಬೆರೆಸುವ ಆತನ ನಲ್ಲಿ 1947ರಲ್ಲಿ ಮಾರಾಟಕ್ಕೆ ಬಂದಿತು. ಆದರೆ ಹಿಡಿ ಒಂದೇ ಆದ ಮಾತ್ರಕ್ಕೆ ಉಷ್ಣತೆ ಸ್ಥಿರವಾಗಿರುವುದೆಂದು ನಂಬಬಾರದು. ಅದಕ್ಕೆ ಥರ್ಮೋಸ್ಟಾಟ್ ಉಳ್ಳ ಮಿಶ್ರಕ ನಲ್ಲಿಯೇ ಬೇಕು. ಅದರ ಒಡಲಿನಲ್ಲಿ ಮೇಣ ತುಂಬಿದ ಒಂದು ಪುಟ್ಟ ಕರಂಡವಿರುತ್ತದೆ. ನೀರು ಬಿಸಿಯಾದಂತೆ ಮೇಣವು ಹಿಗ್ಗಿ ಒಂದು ಕೊಂತವನ್ನು ತಳ್ಳುತ್ತದೆ. ಕೊಂತವು ಬಿಸಿನೀರಿನ ದಾರಿಯನ್ನು ಕಿರಿದುಮಾಡಿ ತಣ್ಣೀರಿನ ದಾರಿಯನ್ನು ಹಿರಿದುಮಾಡುತ್ತದೆ. ಸೊಗಸಾದ ಉಪಾಯ, ಆದರೆ ಬೆಲೆ ಹೆಚ್ಚು, ಇವುಗಳಲ್ಲಿ ಅನೇಕವು ಒಳ್ಳೆಯ ಒತ್ತಡವನ್ನೂ ಬೇಡುತ್ತವೆ. ಅದಿಲ್ಲದವರು ಕಡೆಯಪಕ್ಷ ಬಿಸಿ ತಣ್ಣೀರೆರಡೂ ಒಂದೇ ತೊಟ್ಟಿಯಿಂದ ಇಳಿಯುವಂತೆಯೂ, ಬಚ್ಚಲಿನ ತಣ್ಣೀರಿನ ಕೊಳವೆಗೆ ಅಡಿಗೆಮನೆಯ ಕವಲು ಇಲ್ಲದಂತೆಯೂ ನೋಡಿಕೊಳ್ಳಬೇಕು. ಸುಣ್ಣ ಬಳಿದು ಬಿಲ್ಲೆಕಲ್ಲು ಅಂಟಿಸಿದ ಮೇಲೆ ಇದನ್ನು ನೆನೆದರೆ ಗೋಡೆಯನ್ನೇ ಒಡೆಯಬೇಕಾದೀತು.

ನಲ್ಲಿ ಮುಚ್ಚುವ ಬಗೆಯಲ್ಲಿಯೂ ಎರಡುಂಟು. ಹಳೆಯದರಲ್ಲಿ ತಿರುಪು ಇಳಿದು ರಬ್ಬರಿನ ಬಳೆಯನ್ನು ಕಂಡಿಯ ಮೇಲೆ ಅದುಮುತ್ತದೆ. ಬಳೆ ಸವೆದಾಗ ನಲ್ಲಿ ಸೋರುತ್ತದೆ. ನಾಲ್ಕು ಕಾಸಿನ ಹೊಸ ಬಳೆ ಹಾಕಿದರೆ ಮತ್ತೆ ಸರಿ. ಹೊಸದರಲ್ಲಿ ಅಲ್ಯೂಮಿನ ಎಂಬ ಪಿಂಗಾಣಿಯ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಅವುಗಳ ಮೈ ಎಷ್ಟು ನಯವೆಂದರೆ ನಡುವೆ ನೀರು ನುಸುಳಲಾರದು. ಕಾಲು ಸುತ್ತಿಗೆ ನಲ್ಲಿ ಪೂರ್ತಿ ತೆರೆಯುತ್ತದೆ. ಅಲ್ಯೂಮಿನ ಮರಳಿಗಿಂತಲೂ ಗಟ್ಟಿ. ಆದರೂ ಕೊಳವೆ ಬಾವಿಯ ಮರಳಿನ ಕಣವೊಂದು ನಡುವೆ ಸಿಕ್ಕಿದರೆ ಬಿಲ್ಲೆಗಳು ಕೂಡುವುದಿಲ್ಲ. ಆಗ ಒಳಗಿನ ಭಾಗವನ್ನು ಬಿಚ್ಚಿ ತೊಳೆಯಬೇಕು, ಇಲ್ಲವೆ ಬದಲಿಸಬೇಕು. ಅದೇ ಅಳತೆಯ ಬದಲಿ ಭಾಗ ನಿಮ್ಮ ಊರಿನಲ್ಲಿ ದೊರೆಯುವುದೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಿರಿ.

ಲೋಹದ ಪರೀಕ್ಷೆಗೆ ಕೈಯೇ ತಕ್ಕಡಿ. ಕ್ರೋಮಿಯಮ್ಮಿನ ಲೇಪವು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಅದನ್ನು ಹಿತ್ತಾಳೆಗೂ ಬಳಿಯಬಹುದು, ಪ್ಲಾಸ್ಟಿಕ್ಕಿಗೂ ಬಳಿಯಬಹುದು. ಆದರೆ ಹಿತ್ತಾಳೆಯ ಸಾಂದ್ರತೆ ನೀರಿನ ಎಂಟು ಪಟ್ಟಿಗೂ ಹೆಚ್ಚು, ಪ್ಲಾಸ್ಟಿಕ್ಕಿನದು ಹೆಚ್ಚುಕಡಮೆ ನೀರಿನಷ್ಟೇ. ಎತ್ತಿ ನೋಡಿದರೆ ಮೋಸ ತಿಳಿಯುತ್ತದೆ.

ಗಡಸು ನೀರಿನ ಊರಿನವರು ಬಿಲ್ಲೆಯ ತೂತುಗಳನ್ನೂ ನೋಡಬೇಕು. ಕಾಯಿಸಿದಾಗ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಒಡೆದು ಕಾರ್ಬೊನೇಟಾಗಿ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ತೂತುಗಳ ಬಾಯಿ ಮೆತ್ತನೆಯ ಸಿಲಿಕೋನಿನದಾದರೆ ಬೆರಳಿನಿಂದ ಉಜ್ಜಿದರೆ ಸಾಕು, ಉದುರಿಹೋಗುತ್ತದೆ. ಲೋಹದ್ದಾದರೆ ಬಿಲ್ಲೆಯನ್ನು ಬಿಚ್ಚಿ, ವಿನಿಗರ್ ಬೆರೆಸಿದ ನೀರಿನಲ್ಲಿ ಕೆಲವು ಗಂಟೆ ಮುಳುಗಿಸಿಡಿರಿ. ಏಳುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡಿನವು.