ತಪ್ಪು ಅವ್ವನದಲ್ಲ, ಜಾಲತಾಣದ್ದು!

ಭಾನುವಾರದ ಸಂಜೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಬಡಾವಣೆಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹೊರಗೆ ಬಸ್ ನಿಲ್ದಾಣದತ್ತ ಸಾಗುವ ವಾಹನಗಳ ಗದ್ದಲ. ಒಳಗೆ ಅವ್ವನಿಗೆ 1972ರ ‘ಬಂಗಾರದ ಮನುಷ್ಯ’ವನ್ನು ಮತ್ತೊಮ್ಮೆ ನೋಡುವ ಆಸೆ. ಸಿನಿಮಾ ತೋರಿಸುವ ಜಾಲತಾಣವೊಂದನ್ನು ತೆರೆದು, ಹೆಸರನ್ನು ಕನ್ನಡದಲ್ಲೇ ಬರೆಯುತ್ತಾರೆ. ‘ಏನೂ ಸಿಗಲಿಲ್ಲ’ ಎನ್ನುತ್ತದೆ ಪರದೆ. ಇನ್ನೊಂದು ಗುಂಡಿ ಒತ್ತಿದರೆ ಯಾವುದೋ ಜಾಹೀರಾತು! ಹತ್ತು ನಿಮಿಷ ತಡಕಾಡಿ, “ನನಗ ಇದೆಲ್ಲಾ ತಿಳಿಯಂಗಿಲ್ಲ ಬಿಡೋ ತಮ್ಮಾ” ಎಂದು ಫೋನನ್ನು ಮಗನ ಕೈಗೆ ಕೊಟ್ಟುಬಿಡುತ್ತಾರೆ.

ಇದು ಮನೆಮನೆಯ ಕಥೆ. ಆದರೆ ತಿಳಿಯದೇ ಹೋದದ್ದು ಅವ್ವನಿಗೋ, ಜಾಲತಾಣ ರೂಪಿಸಿದವರಿಗೋ?

ಅಂದದ ಜೊತೆಗೆ ಅನುಕೂಲ

ಜಾಲತಾಣದ ಗುಣ ಅಳೆಯುವುದೆಂದರೆ ಬಣ್ಣ, ಚಿತ್ರಗಳಿಗೆ ಅಂಕ ಕೊಡುವುದಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1998ರಲ್ಲೇ ಇದಕ್ಕೆ ಮೂರು ಅಳತೆಗಳನ್ನು ಹೇಳಿದೆ. ಬಂದ ಕೆಲಸ ಆಯಿತೇ? ಹೆಚ್ಚು ಶ್ರಮವಿಲ್ಲದೆ ಆಯಿತೇ? ಮಾಡಿದವರಿಗೆ ಸಮಾಧಾನವಾಯಿತೇ? ತಜ್ಞ ಜೇಕಬ್ ನೀಲ್ಸನ್ 1994ರಲ್ಲಿ ಹತ್ತು ಸೂತ್ರಗಳನ್ನು ಪಟ್ಟಿ ಮಾಡಿದರು. ಈಗ ಏನು ನಡೆಯುತ್ತಿದೆ ಎಂಬುದು ಬಳಸುವವರಿಗೆ ಕಾಣಬೇಕು, ತಪ್ಪಿದರೆ ಹಿಂದಿರುಗಲು ದಾರಿ ಇರಬೇಕು, ತಪ್ಪನ್ನು ಸರಳ ಮಾತಿನಲ್ಲಿ ತಿಳಿಸಬೇಕು ಎಂಬುವು ಅವುಗಳಲ್ಲಿ ಕೆಲವು. ಬರೀ ‘ಸಿಗಲಿಲ್ಲ’ ಎಂದು ಹೇಳಿ ಸುಮ್ಮನಾಗುವ ತಾಣ ಇಲ್ಲಿ ನಪಾಸು!

ಕನ್ನಡಿಗರಿಗೆ ಇನ್ನೊಂದು ತೊಡಕೂ ಉಂಟು. 1996ರಲ್ಲಿ ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಆರಂಭವಾಯಿತು. ಆ ಕಾಲದ ಅನೇಕ ಕನ್ನಡ ತಾಣಗಳನ್ನು ಓದಲು ಅವುಗಳದ್ದೇ ಫಾಂಟನ್ನು ಮೊದಲು ಕಂಪ್ಯೂಟರಿಗೆ ಹಾಕಿಕೊಳ್ಳಬೇಕಿತ್ತು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಕಷ್ಟ ತಪ್ಪಿತು. ಆದರೂ ಚಿತ್ರದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಷ್ಟೇ ದಾಖಲಿಸಿದ ತಾಣದಲ್ಲಿ ಕನ್ನಡದಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಮನೆಯಲ್ಲೇ ಪರೀಕ್ಷೆ

ವಿದ್ಯಾರ್ಥಿಗಳೇ, ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಐದು ಜನ ಬಳಸುವುದನ್ನು ಗಮನಿಸಿದರೆ ಸುಮಾರು ಶೇ. 85ರಷ್ಟು ತೊಡಕುಗಳು ಬಯಲಾಗುತ್ತವೆ ಎಂದು ನೀಲ್ಸನ್ 2000ದಲ್ಲಿ ಬರೆದಿದ್ದರು. ಅವ್ವ, ಅಪ್ಪ, ಅಜ್ಜ, ತಂಗಿ, ಪಕ್ಕದ ಮನೆಯ ಕಾಕು: ಐದು ಜನ ಆದರಲ್ಲ! ಪ್ರತಿಯೊಬ್ಬರಿಗೂ ಇದೇ ನಾಲ್ಕು ಕೆಲಸ ಕೊಡಿ:

1. ಒಂದು ಚಿತ್ರವನ್ನು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಹುಡುಕುವುದು.
2. ಅರ್ಧಕ್ಕೆ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ನೋಡುವುದು.
3. ಮಕ್ಕಳಿಗಾಗಿ ಬೀಗ ಹಾಕುವ ಸೌಲಭ್ಯವನ್ನು ಪತ್ತೆ ಮಾಡುವುದು.
4. ಚಂದಾ ರದ್ದು ಮಾಡುವ ಪುಟದವರೆಗೆ ಹೋಗುವುದು.

ನಡುವೆ ಬಾಯಿ ಹಾಕಬೇಡಿ. ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ಬೆರಳು ತಡೆಯಿತು, ಎಷ್ಟು ಸಲ ತಪ್ಪು ಗುಂಡಿ ಒತ್ತಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಐವರಲ್ಲಿ ಮೂವರು ಒಂದೇ ಕಡೆ ಎಡವಿದರೆ ದೋಷ ಬಹುತೇಕ ತಾಣದ್ದೇ.

ಪಾಲಕರ ಗಮನಕ್ಕೆ

ಕೊನೆಯ ಎರಡು ಕೆಲಸಗಳು ಪಾಲಕರಿಗೆ ಬಹು ಮುಖ್ಯ. ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ಅಂತರಜಾಲದಲ್ಲಿ ಚಿತ್ರ ತೋರಿಸುವ ಸಂಸ್ಥೆಗಳು ವಯಸ್ಸಿನ ವರ್ಗವನ್ನು ಸೂಚಿಸಬೇಕು. ಹದಿಮೂರು ಮತ್ತು ಅದಕ್ಕೂ ಮೇಲಿನ ವಯೋವರ್ಗದ ಚಿತ್ರಗಳಿಗೆ ಪಾಲಕರ ಬೀಗ ಇರಬೇಕು. ಆದರೆ ಬೀಗ ಇದ್ದೂ ಅದು ಕಣ್ಣಿಗೆ ಬೀಳದಿದ್ದರೆ ಏನು ಪ್ರಯೋಜನ?

ಇನ್ನು ಹಣದ ಮಾತು. ಸೇರಲು ಒಂದೇ ಗುಂಡಿ, ಬಿಡಲು ಹತ್ತು ಪುಟ! ಇದು ಅಜಾಗರೂಕತೆಯಲ್ಲ, ಜಾಣತನ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿತು. ಚಂದಾ ಬಲೆ, ಸುಳ್ಳು ಅವಸರ, ಬೇರೆ ವೇಷದ ಜಾಹೀರಾತು ಎಲ್ಲವೂ ಆ ಪಟ್ಟಿಯಲ್ಲಿವೆ. ಅವ್ವನ ಬೆರಳು ಜಾಹೀರಾತಿನ ಮೇಲೆ ಬಿದ್ದದ್ದು ಆಕಸ್ಮಿಕವೇ ಆಗಿರಬೇಕೆಂದಿಲ್ಲ!

ಬಿ.ಸಿ.ಎ. ಅಥವಾ ಇಂಜಿನಿಯರಿಂಗ್ ಓದುವವರಿಗೆ ಇದು ಒಳ್ಳೆಯ ಪ್ರಾಜೆಕ್ಟ್ ವಿಷಯವೂ ಹೌದು. ಖರ್ಚಿಲ್ಲ, ಪರೀಕ್ಷೆಗೆ ಕೂರುವವರು ಮನೆಯಲ್ಲೇ ಇದ್ದಾರೆ. ಮುಂದಿನ ಭಾನುವಾರ ಅವ್ವ ಫೋನನ್ನು ಕೈಗಿಟ್ಟಾಗ ತಾನೇ ಚಕಚಕನೆ ಹುಡುಕಿ ಕೊಡುವ ಬದಲು, “ಅವ್ವಾ, ನೀನ ಮಾಡು, ನಾ ಬಾಜೂಕ ಕುಂತು ನೋಡ್ತೀನಿ” ಎನ್ನಲಿ ಮಗ. ನೋಟ್‌ಬುಕ್ಕಿನ ಮೊದಲ ಪುಟ ಅಲ್ಲಿಂದಲೇ ಶುರುವಾಗಲಿ.