ಹಳೆ ಜೀಪಿನ ಬ್ರೇಕು: ಮಳೆಗೆ ಮುಂಚೆ ಒಂದು ದಿನ ಕೊಡಿ

ನಮ್ಮ ಸಕಲೇಶಪುರ, ಆಲೂರು ಕಡೆ ಸಣ್ಣ ತೋಟದವರ ಅಂಗಳದಲ್ಲಿ ನಿಂತಿರುವ ಜೀಪುಗಳಲ್ಲಿ ಹೊಸದು ಕಮ್ಮಿ. ಹೆಚ್ಚಿನವು ಎರಡು ಮೂರು ಕೈ ದಾಟಿ ಬಂದವು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಅಮೆರಿಕದ ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಇವೆಲ್ಲ ಅದರದೇ ವಂಶ. ಗೊಬ್ಬರ, ಕಾಫಿ ಮೂಟೆ, ಆಳುಗಳು, ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದ ಪಕ್ಕದ ಮನೆಯವರು, ಎಲ್ಲದಕ್ಕೂ ಅದೇ ಗಾಡಿ. ಎಂಜಿನ್ ಕೆಟ್ಟರೆ ನಿಂತಲ್ಲೇ ನಿಲ್ಲುತ್ತದೆ, ಅಷ್ಟೇ. ಬ್ರೇಕು ಕೆಟ್ಟರೆ ನಿಲ್ಲುವುದಿಲ್ಲ. ಈ ಮಾತು ನನಗೆ ಗೊತ್ತಾಗಿದ್ದು ತಡವಾಗಿ.

2011ರ ಜುಲೈ. ಬ್ರೇಕ್ ಪೆಡಲ್ ಸ್ವಲ್ಪ ಕೆಳಗೆ ಹೋಗುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಆಯಿಲ್ ಕಡಿಮೆಯಾಗಿದೆ. ಭಾನುವಾರ, ಅಂಗಡಿ ಇಲ್ಲ. ಮನೆಯಲ್ಲಿ ಎಂಜಿನ್ ಆಯಿಲ್ ಇತ್ತು. 'ಆಯಿಲ್ ಆಯಿಲೇ ತಾನೆ' ಅಂತ ಅದನ್ನೇ ಹಾಕಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಸಂಜೆ ಆರು ಜನ ಆಳುಗಳನ್ನು ಕೂರಿಸಿಕೊಂಡು ತೋಟದಿಂದ ಇಳಿಯುತ್ತಿದ್ದೆ. ಗಾಡಿ ಯಾರೋ ಹಿಡಿದೆಳೆದ ಹಾಗೆ ಭಾರವಾಯಿತು. ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೆ ಹೋಯಿತು. ಎಡಗಡೆ ಕಂದಕ. ಗೇರ್ ಇಳಿಸಿ, ಬಲಗಡೆ ದರೆಗೆ ಗುದ್ದಿಸಿ ನಿಲ್ಲಿಸಿದೆ. ಐದು ಜನಕ್ಕೆ ತರಚು ಗಾಯ. ಒಬ್ಬ ಹೆಣ್ಣಾಳಿನ ಮುಂಗೈ ಮೂಳೆ ಮುರಿಯಿತು. ಮೂರು ತಿಂಗಳು ಆಕೆ ಕೆಲಸಕ್ಕೆ ಬರುವ ಹಾಗಿರಲಿಲ್ಲ. ಆಸ್ಪತ್ರೆ ಖರ್ಚು, ಅಷ್ಟೂ ದಿನದ ಕೂಲಿ ನಾನೇ ಕೊಟ್ಟೆ. ಕೊಟ್ಟರೂ ನೋವು ಅವಳದೇ ಅಲ್ಲವೇ.

ಮೆಕ್ಯಾನಿಕ್ ಮಾಸ್ಟರ್ ಸಿಲಿಂಡರ್ ಬಿಚ್ಚಿದವರೇ, "ಏನ್ ಹಾಕಿದ್ರಿ ಗೌಡ್ರೇ ಇದಕ್ಕೆ?" ಅಂದರು. ಒಳಗಿನ ರಬ್ಬರುಗಳು ನೀರಲ್ಲಿ ನೆನೆದ ಕಡಲೆಯ ಹಾಗೆ ಊದಿದ್ದವು.

ಆದದ್ದೇನು?

ಬ್ರೇಕ್ ಆಯಿಲ್ ಅನ್ನೋದು ಹೆಸರಿಗೆ ಆಯಿಲ್. ಅದು ಎಣ್ಣೆ ಜಾತಿಯದಲ್ಲ, ಗ್ಲೈಕಾಲ್ ಎಂಬ ರಾಸಾಯನಿಕದಿಂದ ಮಾಡಿದ್ದು. ಸಿಲಿಂಡರಿನ ರಬ್ಬರುಗಳೂ ಅದಕ್ಕೆ ಹೊಂದುವಂಥವು. ಎಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ ತಗುಲಿದರೆ ಊದಿಕೊಳ್ಳುತ್ತವೆ. ಊದಿದ ರಬ್ಬರು ಆಯಿಲ್ ಹಿಂದಕ್ಕೆ ಬರುವ ತೂತನ್ನು ಮುಚ್ಚುತ್ತದೆ. ಕಾಲು ತೆಗೆದರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ. ಲೈನರ್ ಉಜ್ಜಿ ಉಜ್ಜಿ ಡ್ರಮ್ ಕಾದು, ಒಳಗಿನ ಆಯಿಲ್ ಕುದಿಯುತ್ತದೆ. ಕುದಿದರೆ ಆವಿ. ಆವಿಯನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ತಲಪುವುದಿಲ್ಲ.

ಇನ್ನೊಂದು ವಿಷಯ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಆಯಿಲ್ ಹೊಸತಿರುವಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಮಳೆ, ನಮ್ಮ ಇಳಿಜಾರು ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಮುಚ್ಚಳ ತೆರೆದು ವರ್ಷವಾದ ಬಾಟಲಿಯನ್ನು ಬಳಸಬೇಡಿ. ಸಣ್ಣ ಬಾಟಲಿ ತನ್ನಿ.

ನನ್ನ ಜೀಪಿನ ಹಾಗೆ ತೀರಾ ಹಳೆಯದಾದರೆ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಒಂದು ಚಕ್ರದಲ್ಲಿ ಸೋರಿದರೂ ನಾಲ್ಕಕ್ಕೂ ಬ್ರೇಕ್ ಇಲ್ಲ. ಎರಡು ಕೋಣೆಯದರಲ್ಲಿ ಅರ್ಧವಾದರೂ ಉಳಿಯುತ್ತದೆ. ಹಳೆ ಗಾಡಿ ಕೊಳ್ಳುವಾಗ ಬಣ್ಣ ನೋಡುವ ಮುಂಚೆ ಇದನ್ನು ನೋಡಿ.

ಮನೆಯಲ್ಲೇ ಮಾಡುವ ಕೆಲಸ

ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ದಿನ ಇದಕ್ಕೇ ಇಡುತ್ತೇನೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಬೇರೆ ಚಕ್ರಗಳಿಗೆ ಅಡ್ಡ ಕೊಟ್ಟು ಜಾಕ್ ಏರಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಕಲ್ಲು, ಇಟ್ಟಿಗೆ ಒಡೆಯುತ್ತವೆ. ಗಟ್ಟಿ ಮರದ ದಪ್ಪ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಡಿ.

ಡ್ರಮ್ ಬಿಚ್ಚಿದರೆ ಕೆಸರು, ಮರಳು ಇದ್ದೇ ಇರುತ್ತದೆ. ಬಾಯಲ್ಲಿ ಊದಬೇಡಿ. ಹಳೆ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಿ. ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಸ್ವಲ್ಪ ಎತ್ತಿ ನೋಡಿ. ಒಳಗೆ ಆಯಿಲ್ ಕಂಡರೆ ಸೋರಲು ಶುರುವಾಗಿದೆ ಎಂದರ್ಥ, ರಬ್ಬರ್ ಕಿಟ್ ಬದಲಿಸಬೇಕು. ಲೈನರಿಗೆ ಗ್ರೀಸೋ ಆಯಿಲೋ ಕುಡಿದಿದ್ದರೆ ತೊಳೆದು ಪ್ರಯೋಜನವಿಲ್ಲ. ಹೊಸದೇ ಹಾಕಿ, ಒಂದೇ ಕಡೆಗಲ್ಲ, ಎಡಬಲ ಎರಡಕ್ಕೂ. ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಎರಡು ವರ್ಷಕ್ಕೊಮ್ಮೆ ಹಳೆ ಬ್ರೇಕ್ ಆಯಿಲ್ ಪೂರ್ತಿ ತೆಗೆಯುತ್ತೇನೆ. ಏರ್ ತೆಗೆಯಲು ಇಬ್ಬರು ಬೇಕು. ಮಗ ಪೆಡಲ್ ಮೇಲೆ, ನಾನು ಚಕ್ರದ ಹತ್ತಿರ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ನಿಪ್ಪಲ್‌ಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. "ಒತ್ತು" ಅಂದಾಗ ಒತ್ತಿ ಹಿಡಿಯಬೇಕು. ನಾನು ನಿಪ್ಪಲ್ ಸಡಿಲಿಸಿ, ಬಿಗಿದು, "ಬಿಡು" ಅಂದ ಮೇಲೆಯೇ ಕಾಲು ತೆಗೆಯಬೇಕು. ಗುಳ್ಳೆ ನಿಲ್ಲುವ ತನಕ ಹೀಗೇ. ನಡುನಡುವೆ ಮೇಲಿನ ಡಬ್ಬಿಗೆ ಆಯಿಲ್ ತುಂಬುತ್ತಿರಿ. ಅದು ಬರಿದಾದರೆ ಮತ್ತೆ ಮೊದಲಿಂದ. ಮುಗಿದಾಗ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಸಿಗಬೇಕು. ಸ್ಪಂಜಿನ ಹಾಗಿದ್ದರೆ ಇನ್ನೂ ಗಾಳಿ ಇದೆ. ಕೆಲಸ ಮುಗಿದ ಮೇಲೆ ಮೊದಲು ಅಂಗಳದಲ್ಲೇ, ಒಬ್ಬರೇ ಓಡಿಸಿ ಪರೀಕ್ಷಿಸಿ.

ಆ ದಿನವೇ ಗೇರ್ ಬಾಕ್ಸ್, ಹೌಸಿಂಗ್‌ಗಳ ಆಯಿಲ್ ನೋಡುತ್ತೇನೆ. ಹಾಲು ಬೆರೆಸಿದ ಕಾಫಿ ಬಣ್ಣವಿದ್ದರೆ ನೀರು ಸೇರಿದೆ. ಓಡಿ ಕಾದ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಮೇಲಿನ ಉಸಿರುಗೊಳವೆ ಕೆಸರಿನಿಂದ ಕಟ್ಟಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆಯುತ್ತದೆ. ಗೊಳವೆ ಶುಚಿ ಮಾಡುವುದು ಐದು ನಿಮಿಷದ ಕೆಲಸ. ಸೀಲ್ ಹೋಗಿ ಅದೇ ಆಯಿಲ್ ಡ್ರಮ್ಮಿಗೆ ಇಳಿದರೆ ಬ್ರೇಕೂ ಹೋಯಿತು.

ಓಡಿಸುವಾಗ

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ. ಹಳ್ಳ ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಒತ್ತಿ ಬಿಡಿ, ಲೈನರ್ ಒಣಗುತ್ತದೆ. ಹ್ಯಾಂಡ್ ಬ್ರೇಕನ್ನೇ ಪೂರ್ತಿ ನಂಬಬೇಡಿ. ಎಷ್ಟೋ ಹಳೆ ಜೀಪುಗಳಲ್ಲಿ ಅದು ಚಕ್ರಕ್ಕಲ್ಲ, ಹಿಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಹಿಡಿಯುವುದು. ಆ ಶಾಫ್ಟಿನ ಕ್ರಾಸ್ ಮುರಿದರೆ ಅದೂ ಇಲ್ಲ. ಕ್ರಾಸ್‌ಗೆ ಹೊಸ ಗ್ರೀಸು ಹೊರಬರುವ ತನಕ ಹೊಡೆಯಿರಿ.

ಎಲ್ಲಿ ನಿಲ್ಲಿಸಬೇಕು

ತುಕ್ಕು ಹಿಡಿದ ಬ್ರೇಕ್ ಪೈಪಿಗೆ ಬೆಸುಗೆ ಹಾಕಿಸಬೇಡಿ, ಹೊಸ ಪೈಪೇ ಹಾಕಿಸಿ. ಸ್ಟಿಯರಿಂಗ್, ಡೀಸೆಲ್ ಪಂಪ್, ಡ್ರಮ್ ಕಡೆಸುವುದು ಗ್ಯಾರೇಜಿನ ಕೆಲಸ. ಎಲ್ಲವನ್ನೂ ನಾವೇ ಮಾಡುತ್ತೇವೆ ಎಂಬ ಹಟ ಬೇಡ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಯ ಆರ್.ಸಿ.ಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಇನ್ಶೂರೆನ್ಸ್ ತಪ್ಪಿಸಬೇಡಿ. ದರೆಗೆ ಗುದ್ದಿದ ದಿನ ಅದರ ಬೆಲೆ ತಿಳಿಯುತ್ತದೆ.

ಅಂದು ಕೈ ಮುರಿದುಕೊಂಡಾಕೆ ಈಗಲೂ ನಮ್ಮ ತೋಟಕ್ಕೆ ಬರುತ್ತಾರೆ. ಮಳೆ ಹಿಡಿದ ಮೇಲೆ ಜೀಪು ಹತ್ತುವ ಮೊದಲು, "ಬ್ರೇಕ್ ನೋಡಿದ್ರಾ ಅಣ್ಣಾ?" ಅಂತ ಕೇಳಿಯೇ ಹತ್ತುವುದು. ನಿಮ್ಮ ಗಾಡಿ ಹತ್ತುವವರು ಕೇಳಲಿಕ್ಕಿಲ್ಲ. ಅದಕ್ಕೇ ನೀವೇ ನೋಡಿಕೊಳ್ಳಿ.