ಬೆಳಕು ಜಾಸ್ತಿ ಆದ್ರೆ ಸಾಲದು, ರಸ್ತೆ ಮೇಲೆ ಬೀಳಬೇಕು

ಮುಂಡರಗಿಯಿಂದ ಗದಗ ಎಪಿಎಂಸಿಗೆ ಉಳ್ಳಾಗಡ್ಡಿ ಹೇರಿಕೊಂಡು ರಾತ್ರಿ ಹೊರಟರೆ, ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ನಮ್ಮ ಪಿಕಪ್‌ನ ಮಂಕು ಬೆಳಕಿಗೆ ಕಾಣೋದು ತೀರಾ ಹತ್ತಿರ ಬಂದಮೇಲೆ. ಅದಕ್ಕೇ ಎಲ್‌ಇಡಿ ಬಲ್ಬ್ ಹಾಕಿಸಿದೆ. ನನಗೇನೋ ಹಗಲಾದಂಗಾಯ್ತು. ಎದುರಿಗೆ ಬಂದ ಬೈಕಿನವ ಮಾತ್ರ ಕಣ್ಣು ಕಾಣದೆ ರಸ್ತೆ ಬಿಟ್ಟು ಮಣ್ಣಿಗಿಳಿದ.

ತಪ್ಪಾಗಿದ್ದೆಲ್ಲಿ? ಹಳೇ ಹೆಡ್‌ಲೈಟಿನೊಳಗಿನ ಕನ್ನಡಿಯಂಥ ಬಟ್ಟಲು ಮಾಡಿರೋದು ಹ್ಯಾಲೋಜನ್ ಬಲ್ಬಿನ ಫಿಲಮೆಂಟ್ ಇರುವ ಜಾಗದ ಲೆಕ್ಕಕ್ಕೆ. ಬೆಳಕು ಹುಟ್ಟುವ ಜಾಗ ಸ್ವಲ್ಪ ತಪ್ಪಿದರೂ ಲೋ ಬೀಮ್ ಮೇಲಕ್ಕೆ ಚೆಲ್ಲುತ್ತದೆ. ಹಿಂದೆ ಲೋಡು ಬಿದ್ದು ಗಾಡಿ ಮೂತಿ ಎತ್ತಿದರೆ ಇನ್ನೂ ಮೇಲಕ್ಕೆ.

ಮೆಕ್ಯಾನಿಕ್ ತೋರಿಸಿದ್ದು ಬೇರೆ ದಾರಿ. 60/55 ವ್ಯಾಟ್‌ನ ಎಚ್4 ಹ್ಯಾಲೋಜನ್ ಬಲ್ಬ್ ವಾಪಸ್ ಹಾಕಿದರು, ಹಳದಿಗಟ್ಟಿದ ಪ್ಲಾಸ್ಟಿಕ್ ಕವರ್‌ಗೆ ಪಾಲಿಶ್ ಹೊಡೆದರು. ಸ್ವಿಚ್ಚಿನ ಸಣ್ಣ ವೈರಿನಲ್ಲಿ ವೋಲ್ಟೇಜ್ ಬೀಳುತ್ತಿತ್ತು. ರಿಲೇ ಕೂರಿಸಿ ಬ್ಯಾಟರಿಯಿಂದಲೇ ಕರೆಂಟ್ ಕೊಟ್ಟರು. ಕೊನೆಗೆ ಲೋಡಿನ ಸಮೇತ ಗೋಡೆ ಮುಂದೆ ನಿಲ್ಲಿಸಿ ಬೀಮ್ ಇಳಿಸಿದರು. ಈಗ ರಸ್ತೆ ಕಾಣುತ್ತದೆ.

2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ಕೇಸು ಹಾಕತೊಡಗಿದರು. ಸರಿಯೇ. ಆದರೆ ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು ಅನ್ನೋದೂ ನಿಯಮವೇ ಅಲ್ವಾ? ಲಕ್ಷ್ಮೇಶ್ವರ, ಶಿರಹಟ್ಟಿ ದಾರಿಯಲ್ಲಿ ಓಡಾಡುವ ನಾವು ಅದನ್ನೂ, ರಸ್ತೆಯಂಚಿನ ಬಿಳಿ ಗೆರೆಯನ್ನೂ ಕೇಳಬೇಕು.